ದುಡಿಮೆ, ಉಸಿರು, ಲಯ: ದುಡಿಯುವವರ ಒತ್ತಡ ಮತ್ತು ಯೋಗಾಭ್ಯಾಸವನ್ನು ಕುರಿತು ಒಂದು ಜಾನಪದೀಯ ಪರಿಶೀಲನೆ

ಪೀಠಿಕೆ

ದುಡಿಯುವ ಜನರ ಮಾನಸಿಕ ಒತ್ತಡವನ್ನು ಕುರಿತ ಚರ್ಚೆ ಇದುವರೆಗೆ ಹೆಚ್ಚಾಗಿ ವೈದ್ಯಶಾಸ್ತ್ರ, ಮನಶ್ಶಾಸ್ತ್ರ ಮತ್ತು ಆಡಳಿತಶಾಸ್ತ್ರಗಳ ಪರಿಧಿಯಲ್ಲೇ ನಡೆದುಬಂದಿದೆ. ಜಾನಪದ ವಿದ್ವಾಂಸರು ಇದನ್ನು ತಮ್ಮ ವಿಷಯವೆಂದು ಭಾವಿಸಿದ್ದು ವಿರಳ. ಆದರೆ ದುಡಿಮೆ, ದುಡಿಮೆಯಿಂದ ಬರುವ ದಣಿವು, ಆ ದಣಿವನ್ನು ಆರಿಸಿಕೊಳ್ಳಲು ಜನ ಕಂಡುಕೊಂಡ ದಾರಿ ಇವೆಲ್ಲವೂ ಜಾನಪದ ಅಧ್ಯಯನದ ಹಳೆಯ ವಸ್ತುಗಳೇ ಆಗಿವೆ. ಬೀಸುವ ಪದ, ಕುಟ್ಟುವ ಪದ, ನಾಟಿಯ ಪದ, ಕಳೆಯ ಪದ, ಏತದ ಪದ ಎಂದು ನಾವು ವರ್ಗೀಕರಿಸಿಕೊಂಡು ಬಂದಿರುವ ಹಾಡುಗಳೆಲ್ಲ ದುಡಿಯುವ ದೇಹದ ಉಸಿರಿನಿಂದಲೇ ಹುಟ್ಟಿದವು.

2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಅಂಗೀಕರಿಸಿತು. 2016ರಲ್ಲಿ ಯುನೆಸ್ಕೊ ಯೋಗವನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಎರಡು ಘಟನೆಗಳ ನಂತರ ಕಚೇರಿ ಕಾರ್ಖಾನೆಗಳಲ್ಲಿ ಯೋಗ ತರಗತಿಗಳು ಹೆಚ್ಚು ಹೆಚ್ಚಾಗಿ ಕಾಣಿಸಿಕೊಂಡಿವೆ. ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯವು ನೌಕರರು ಕುರ್ಚಿಯ ಬಳಿಯಲ್ಲೇ ಮಾಡಬಹುದಾದ ಐದು ನಿಮಿಷಗಳ ಅಭ್ಯಾಸಕ್ರಮವನ್ನು ರೂಪಿಸಿ, 2021ರಲ್ಲಿ ಅದಕ್ಕೊಂದು ಮೊಬೈಲ್ ಆ್ಯಪ್ ಹೊರತಂದಿತು. ಹೀಗಿರುವಾಗ, ಯೋಗಾಭ್ಯಾಸ ದುಡಿಯುವವರ ಒತ್ತಡವನ್ನು ನಿಜಕ್ಕೂ ತಗ್ಗಿಸುವುದೇ, ಅವರ ಆಲೋಚನಾ ಸಾಮರ್ಥ್ಯಕ್ಕೆ ನೆರವಾಗುವುದೇ, ಆಗುವುದಾದರೆ ಯಾವ ಬಗೆಯಲ್ಲಿ ಎಂಬ ಪ್ರಶ್ನೆಗಳು ಏಳುವುದು ಸಹಜ. ಪ್ರಸ್ತುತ ಲೇಖನದಲ್ಲಿ ಈ ಕುರಿತ ಕೆಲವು ಮುಖ್ಯ ಅಧ್ಯಯನಗಳ ಫಲಿತಗಳನ್ನು ವಿವರಿಸಿ, ಅವನ್ನು ಜನಪದ ದುಡಿಮೆಯ ಲಯದೊಡನೆ ಇಟ್ಟು ನೋಡುವ ಪ್ರಯತ್ನವಿದೆ.

1. ಒತ್ತಡ: ಪದ ಮತ್ತು ಅನುಭವ

'ಒತ್ತಡ' ಎಂಬುದು ಈ ಅರ್ಥದಲ್ಲಿ ಕನ್ನಡಕ್ಕೆ ಹೊಸದು. ದೇಹದ ಮೇಲೆ ಬೀಳುವ ಬಗೆಬಗೆಯ ಆಘಾತಗಳಿಗೆ ದೇಹ ಒಂದೇ ರೀತಿಯ ಪ್ರತಿಕ್ರಿಯೆ ತೋರುತ್ತದೆ ಎಂದು ಹ್ಯಾನ್ಸ್ ಸೆಲ್ಯೆ 1936ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಪುಟ್ಟ ಟಿಪ್ಪಣಿಯಿಂದ ಒತ್ತಡದ ಆಧುನಿಕ ಅಧ್ಯಯನ ಆರಂಭವಾಯಿತು. ವಸ್ತುಗಳ ಮೇಲೆ ಬೀಳುವ ಬಲವನ್ನು ಸೂಚಿಸುವ ಪದವೊಂದು ಮನುಷ್ಯನ ಮನಸ್ಥಿತಿಗೆ ಅನ್ವಯವಾದದ್ದು ಈ ಮಾರ್ಗದಲ್ಲಿ.

ಪದ ಹೊಸದಾದರೂ ಅನುಭವ ಹೊಸದಲ್ಲ. ಕರಾವಳಿ ಮಲೆನಾಡಿನವರು 'ತಲೆಬಿಸಿ' ಎನ್ನುತ್ತಾರೆ; ಉತ್ತರ ಕರ್ನಾಟಕದವರು 'ಜೀವ ಹೈರಾಣಾತು' ಎನ್ನುತ್ತಾರೆ. 'ತಲೆ ಚಿಟ್ಟು ಹಿಡಿಯಿತು', 'ಎದೆ ಭಾರವಾಯಿತು', 'ಕೈಕಾಲು ಆಡದಂತಾಯಿತು' ಎಂಬ ಮಾತುಗಳು ನಾಡಿನಾದ್ಯಂತ ಬಳಕೆಯಲ್ಲಿವೆ. ಇವೆಲ್ಲವೂ ಮನಸ್ಸಿನ ಸಂಕಟವನ್ನು ದೇಹದ ಒಂದಲ್ಲ ಒಂದು ಅಂಗದಲ್ಲಿ ಗುರುತಿಸುತ್ತವೆ ಎಂಬುದು ಗಮನಾರ್ಹ. ಇವುಗಳಲ್ಲಿ ಅತ್ಯಂತ ಅರ್ಥಪೂರ್ಣವಾದುದು 'ಉಸಿರಾಡಲೂ ಪುರುಸೊತ್ತಿಲ್ಲ' ಎಂಬ ಮಾತು. ಉಸಿರು ತಾನಾಗಿ ನಡೆಯುವ ಕ್ರಿಯೆ. ಅದಕ್ಕೆ ಬಿಡುವು ಬೇಕಿಲ್ಲ. ಆದರೂ ಜನ ಹಾಗೆ ಹೇಳುತ್ತಾರೆ. ಹೊತ್ತು ಕೈಮೀರಿದಾಗ ಮೊದಲು ಕೆಡುವುದು ಉಸಿರಿನ ನಡೆ ಎಂಬ ಅರಿವು ಈ ನುಡಿಗಟ್ಟಿನಲ್ಲಿದೆ. ಕಷ್ಟ ಕಳೆದಾಗ ಬಿಡುವುದು 'ನೆಮ್ಮದಿಯ ಉಸಿರು', ಕಷ್ಟದ ನಡುವೆ ಬಿಡುವುದು 'ನಿಟ್ಟುಸಿರು'. ಒತ್ತಡ, ಕಾಲ ಮತ್ತು ಉಸಿರು ಈ ಮೂರರ ಸಂಬಂಧವೇ ಮುಂದಿನ ಚರ್ಚೆಯ ಎಳೆಯಾಗಿದೆ.

2. ಒತ್ತಡದಿಂದ ಆಲೋಚನೆಗೆ ಒದಗುವ ಹಾನಿ

ಅಪಾಯದ ಸೂಚನೆ ದೊರೆತೊಡನೆ ದೇಹದಲ್ಲಿ ಎರಡು ಕ್ರಿಯೆಗಳು ನಡೆಯುತ್ತವೆ. ಮೊದಲನೆಯದು ಕ್ಷಣಮಾತ್ರದ್ದು: ಅಡ್ರಿನಲಿನ್ ಸ್ರವಿಸಿ ಎದೆಬಡಿತ ಏರುತ್ತದೆ, ಉಸಿರು ಚಿಕ್ಕದಾಗುತ್ತದೆ. ಎರಡನೆಯದು ತುಸು ನಿಧಾನದ್ದು: ಮೆದುಳಿನ ಆದೇಶದಂತೆ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಕಾರ್ಟಿಸೋಲ್ ಎಂಬ ರಸವನ್ನು ಬಿಡುಗಡೆ ಮಾಡುತ್ತವೆ. ಹುಲಿಯನ್ನು ಕಂಡು ಓಡಬೇಕಾದಾಗ ಈ ವ್ಯವಸ್ಥೆ ಪ್ರಾಣ ಉಳಿಸುತ್ತದೆ. ಓಟ ಮುಗಿದ ಮೇಲೆ ಎಲ್ಲವೂ ಮೊದಲಿನ ಸ್ಥಿತಿಗೆ ಮರಳುತ್ತದೆ. ಆದರೆ ತಿಂಗಳ ಗುರಿ, ಮೇಲಧಿಕಾರಿಯ ಕರೆ, ಸಾಲದ ಕಂತು ಇವುಗಳಿಂದ ಓಡಲು ಸಾಧ್ಯವಿಲ್ಲ. ಹೀಗಾಗಿ ದೇಹ ಮೊದಲಿನ ಸ್ಥಿತಿಗೆ ಪೂರ್ತಿಯಾಗಿ ಮರಳುವುದೂ ಇಲ್ಲ.

ಇದರ ಪರಿಣಾಮ ಆಲೋಚನೆಯ ಮೇಲೂ ಆಗುತ್ತದೆ. ಇಲ್ಲಿ ಆಲೋಚನಾ ಸಾಮರ್ಥ್ಯವೆಂದರೆ ಪಾಂಡಿತ್ಯವಲ್ಲ. ಒಂದು ವಿಷಯದಲ್ಲಿ ಗಮನವನ್ನು ನಿಲ್ಲಿಸುವುದು, ಬೇಕಾದ ಮಾಹಿತಿಯನ್ನು ಕೆಲಹೊತ್ತು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಬಳಸುವುದು, ಥಟ್ಟನೆ ಏಳುವ ಅನುಚಿತ ಪ್ರತಿಕ್ರಿಯೆಯನ್ನು ತಡೆಯುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಸಲೀಸಾಗಿ ಹೊರಳುವುದು ಇವೇ ಮನಶ್ಶಾಸ್ತ್ರಜ್ಞರು ಅಳೆಯುವ ಸಾಮರ್ಥ್ಯಗಳು. ಇವುಗಳಿಗೆ ಮುಖ್ಯ ಆಧಾರ ಹಣೆಯ ಹಿಂದಿರುವ ಮೆದುಳಿನ ಮುಂಭಾಗ. ತೀವ್ರ ಒತ್ತಡದಲ್ಲಿ ಈ ಭಾಗದ ಹತೋಟಿ ಸಡಿಲಗೊಂಡು, ಭಯ ಮತ್ತು ರೂಢಿಗೆ ಸಂಬಂಧಿಸಿದ ಒಳಭಾಗಗಳು ಮೇಲುಗೈ ಪಡೆಯುತ್ತವೆ ಎಂಬುದನ್ನು ಅಮೆರಿಕದ ನರವಿಜ್ಞಾನಿ ಏಮಿ ಆರ್ನ್‌ಸ್ಟೆನ್ ಅವರ ದೀರ್ಘಕಾಲದ ಸಂಶೋಧನೆ ತೋರಿಸಿದೆ.

'ಆತುರಗಾರನಿಗೆ ಬುದ್ಧಿ ಮಟ್ಟ' ಎಂಬ ಗಾದೆ ಇದೇ ಸತ್ಯವನ್ನು ನಾಲ್ಕು ಮಾತಿನೊಳಗೆ ಹೇಳಿಬಿಡುತ್ತದೆ. ಇಲ್ಲಿ ಆತುರಗಾರನನ್ನು ದಡ್ಡನೆಂದು ಕರೆದಿಲ್ಲ. ಆತುರ ಇರುವಷ್ಟು ಹೊತ್ತು ಅವನ ಬುದ್ಧಿ ಮಟ್ಟವಾಗಿರುತ್ತದೆ ಎನ್ನಲಾಗಿದೆ. 'ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದ' ಎಂಬ ಗಾದೆ ಗಡುವಿನ ಒತ್ತಡಕ್ಕೆ ಸಿಕ್ಕಿದ ನೇಕಾರನ ಪಾಡನ್ನು ಹೇಳುತ್ತದೆ. ಕನ್ನಡದಲ್ಲಿ 'ಚಿಂತೆ' ಮತ್ತು 'ಚಿಂತನೆ' ಒಂದೇ ಮೂಲದಿಂದ ಬಂದ ಪದಗಳೆಂಬುದೂ ನೆನಪಿಡಬೇಕಾದ ಸಂಗತಿ. ಚಿಂತೆಯೂ ಆಲೋಚನೆಯೇ, ಆದರೆ ಅದು ಬೇರೆ ಆಲೋಚನೆಗೆ ಎಡೆಗೊಡದ ಆಲೋಚನೆ.

3. ಯೋಗಾಭ್ಯಾಸದ ಫಲ: ಅಧ್ಯಯನಗಳು ಹೇಳುವುದೇನು?

ಯೋಗವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವ ಕೆಲಸ ನಮ್ಮ ದೇಶದಲ್ಲೇ ಬಹಳ ಹಿಂದೆ ಮೊದಲಾಯಿತು. ಸ್ವಾಮಿ ಕುವಲಯಾನಂದರು 1924ರಲ್ಲಿ ಲೋಣಾವಳದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, 'ಯೋಗ ಮೀಮಾಂಸಾ' ಎಂಬ ಸಂಶೋಧನ ಪತ್ರಿಕೆಯನ್ನೂ ಆರಂಭಿಸಿದರು. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮತ್ತು ಜಿಗಣಿಯ ಬಳಿಯ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನಗಳು ಈ ಕ್ಷೇತ್ರದಲ್ಲಿ ಗಣನೀಯ ಕೆಲಸ ಮಾಡಿವೆ.

ದುಡಿಯುವವರ ಮಟ್ಟಿಗೆ ನಮಗೆ ಸಮೀಪದ ಅಧ್ಯಯನವೆಂದರೆ ಶರ್ಲಿ ಟೆಲ್ಲೆಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ್ದು. ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ದುಡಿಯುವ 291 ವೃತ್ತಿಪರರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆಯಂತೆ 60 ದಿನಗಳ ಕಾಲ ಯೋಗ ಕಲಿಸಲಾಯಿತು. ಯೋಗ ಮಾಡಿದವರಲ್ಲಿ ಕಣ್ಣಿನ ಆಯಾಸ ಕಡಿಮೆಯಾಯಿತು, ಮಾಡದವರಲ್ಲಿ ಹೆಚ್ಚಿತು. ಆದರೆ ಇದೇ ಅಧ್ಯಯನದ ಇನ್ನೊಂದು ಅಂಕಿಯತ್ತಲೂ ಗಮನ ಹರಿಸಬೇಕು. ಯೋಗದ ಗುಂಪಿನ 146 ಮಂದಿಯಲ್ಲಿ ಕೊನೆಯವರೆಗೆ ಉಳಿದವರು 62. ಇನ್ನೊಂದು ಗುಂಪಿನ 145 ಮಂದಿಯಲ್ಲಿ 55. ಅರ್ಧಕ್ಕಿಂತ ಹೆಚ್ಚು ಮಂದಿ ಅಂತಿಮ ಮಾಪನಕ್ಕೆ ದೊರೆಯಲಿಲ್ಲ. ದುಡಿಯುವವರನ್ನು ಕುರಿತ ಸಂಶೋಧನೆಯ ಮುಖ್ಯ ತೊಡಕು ಇದೇ ಆಗಿದೆ.

ಬ್ರಿಟನ್ನಿನ ವಿಶ್ವವಿದ್ಯಾಲಯವೊಂದರ 48 ನೌಕರರನ್ನು ಕುರಿತು ನೆಡ್ ಹಾರ್ಟ್‌ಫೀಲ್ ಮತ್ತು ಸಂಗಡಿಗರು ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಆರು ವಾರಗಳ ಯೋಗ ತರಗತಿ ನಡೆಯಿತು. ಪಾಲ್ಗೊಂಡವರು ತಮ್ಮ ಮನಸ್ಸು ತಿಳಿಯಾಗಿದೆ, ಸಮಾಧಾನ ಮತ್ತು ಆತ್ಮವಿಶ್ವಾಸ ಹೆಚ್ಚಿದೆ ಎಂದು ತಿಳಿಸಿದರು. ಅಮೆರಿಕದ ವಿಮಾ ಸಂಸ್ಥೆಯೊಂದರ 239 ನೌಕರರನ್ನು ಕುರಿತು ರುತ್ ವೊಲೆವರ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕಿಂತ ದೊಡ್ಡದು. ಹನ್ನೆರಡು ವಾರಗಳ ಯೋಗಾಭ್ಯಾಸ ಮಾಡಿದವರಲ್ಲೂ ಧ್ಯಾನಪ್ರಧಾನವಾದ ಇನ್ನೊಂದು ತರಬೇತಿ ಪಡೆದವರಲ್ಲೂ ಒತ್ತಡದ ಅನುಭವ ತಗ್ಗಿತು, ನಿದ್ರೆ ಸುಧಾರಿಸಿತು. ಈ ಎರಡು ತರಬೇತಿಗಳ ಫಲ ಹೆಚ್ಚುಕಡಿಮೆ ಒಂದೇ ಬಗೆಯದಾಗಿತ್ತು.

ಆಲೋಚನಾ ಸಾಮರ್ಥ್ಯದ ವಿಷಯದಲ್ಲಿ ನೇಹಾ ಗೋಠೆ ಮತ್ತು ಎಡ್ವರ್ಡ್ ಮೆಕಾಲೆ 2015ರಲ್ಲಿ ಮಾಡಿದ ಸಮಗ್ರ ವಿಶ್ಲೇಷಣೆ ಮಹತ್ವದ್ದು. ವಾರಗಟ್ಟಲೆ ಅಭ್ಯಾಸವನ್ನು ಕುರಿತ 15 ನಿಯಂತ್ರಿತ ಪ್ರಯೋಗಗಳನ್ನೂ ಒಂದೇ ಬಾರಿಯ ಅಭ್ಯಾಸವನ್ನು ಕುರಿತ 7 ಅಧ್ಯಯನಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಯೋಗದ ಪರಿಣಾಮ ಅನುಕೂಲಕರವಾಗಿಯೂ ಸಾಧಾರಣ ಪ್ರಮಾಣದ್ದಾಗಿಯೂ ಕಂಡುಬಂತು. ಗಮನ ಮತ್ತು ಗ್ರಹಿಕೆಯ ವೇಗದಲ್ಲಿ ಪರಿಣಾಮ ಹೆಚ್ಚು, ನೆನಪಿನಲ್ಲಿ ಕಡಿಮೆ. ಇದೇ ವಿದ್ವಾಂಸರು ಇನ್ನೊಬ್ಬ ಸಂಗಡಿಗರೊಡನೆ 2016ರಲ್ಲಿ ಪ್ರಕಟಿಸಿದ, 118 ಹಿರಿಯ ವಯಸ್ಕರನ್ನು ಕುರಿತ ಅಧ್ಯಯನದಲ್ಲಿ, ಎಂಟು ವಾರ ಯೋಗ ಮಾಡಿದವರಲ್ಲಿ ಒತ್ತಡಕ್ಕೆ ಪ್ರತಿಯಾಗಿ ಏಳುವ ಕಾರ್ಟಿಸೋಲ್ ತಗ್ಗಿತು. ಹೀಗೆ ತಗ್ಗಿದುದಕ್ಕೂ ಆಲೋಚನೆ ಸುಧಾರಿಸಿದುದಕ್ಕೂ ಸಂಬಂಧ ಕಂಡುಬಂತು. ಅಂದರೆ ಯೋಗ ಬುದ್ಧಿಯನ್ನು ಹೊಸದಾಗಿ ಕೊಡುವುದಿಲ್ಲ. ಒತ್ತಡ ಮಟ್ಟ ಮಾಡಿದ ಬುದ್ಧಿಯನ್ನು ತುಸುಮಟ್ಟಿಗೆ ಬಿಡಿಸಿಕೊಡುತ್ತದೆ ಎಂದು ಈ ಫಲಿತವನ್ನು ಅರ್ಥೈಸಬಹುದು.

ಈ ಅಧ್ಯಯನಗಳಿಗೆ ಮಿತಿಗಳಿವೆ. ಔಷಧದ ಪರೀಕ್ಷೆಯಲ್ಲಿ ರೋಗಿಗೆ ತಿಳಿಯದಂತೆ ಹುಸಿಗುಳಿಗೆ ಕೊಡಬಹುದು. ಯೋಗ ಮಾಡುವವನಿಗೆ ತಾನು ಯೋಗ ಮಾಡುತ್ತಿದ್ದೇನೆಂದು ತಿಳಿಯದಂತೆ ಮಾಡಲಾಗದು. ಅನೇಕ ಕಡೆ ಹೋಲಿಕೆಯ ಗುಂಪಿನವರು ಏನನ್ನೂ ಮಾಡದೆ ತಮ್ಮ ಸರದಿಗೆ ಕಾಯುತ್ತಿದ್ದವರು. ಒತ್ತಡವನ್ನು ಬಹುಮಟ್ಟಿಗೆ ಪಾಲ್ಗೊಂಡವರ ಹೇಳಿಕೆಯಿಂದಲೇ ಅಳೆಯಲಾಗಿದೆ. ಇಷ್ಟಾದರೂ ಬೇರೆ ಬೇರೆ ದೇಶಗಳ ಫಲಿತಗಳು ಒಂದೇ ದಿಕ್ಕನ್ನು ತೋರುತ್ತಿರುವುದರಿಂದ, ಯೋಗಾಭ್ಯಾಸದಿಂದ ದುಡಿಯುವವರಿಗೆ ಮಿತವಾದ ಆದರೆ ನಿಜವಾದ ಪ್ರಯೋಜನವಿದೆ ಎಂದು ಒಪ್ಪಲು ಅಡ್ಡಿಯಿಲ್ಲ.

4. ಉಸಿರು ಮತ್ತು ಉಕ್ತಿ

ಈ ಪ್ರಯೋಜನ ಯಾವ ಮಾರ್ಗದಲ್ಲಿ ಬರುತ್ತದೆ? ಆಸನ, ಉಸಿರು, ವಿಶ್ರಾಂತಿ, ಏಕಾಗ್ರತೆ ಎಲ್ಲವೂ ಒಟ್ಟಿಗೆ ಇರುವ ಅಭ್ಯಾಸದಲ್ಲಿ ಒಂದನ್ನೇ ಬೇರ್ಪಡಿಸುವುದು ಕಷ್ಟ. ಆದರೂ ಉಸಿರಿನ ಪಾತ್ರ ಬಹುಮಟ್ಟಿಗೆ ಸ್ಪಷ್ಟವಾಗಿದೆ. ಉಸಿರು ನಿಧಾನವಾದಾಗ, ಅದರಲ್ಲೂ ಹೊರಬಿಡುವ ಉಸಿರು ನೀಳವಾದಾಗ, ದೇಹವನ್ನು ಶಾಂತಗೊಳಿಸುವ ನರವ್ಯೂಹ ಚುರುಕಾಗಿ ಎದೆಬಡಿತ ಇಳಿಯುತ್ತದೆ.

ಈ ವಿಷಯದಲ್ಲಿ ಜಾನಪದ ವಿದ್ವಾಂಸರು ಅವಶ್ಯವಾಗಿ ತಿಳಿಯಬೇಕಾದ ಒಂದು ಅಧ್ಯಯನವಿದೆ. ಇಟಲಿಯ ಲೂಚಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 23 ಮಂದಿಯಿಂದ ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ ಬೌದ್ಧರ 'ಓಂ ಮಣಿ ಪದ್ಮೇ ಹುಂ' ಮಂತ್ರವನ್ನೂ ಹೇಳಿಸಿ, ಆ ಹೊತ್ತಿನ ಉಸಿರು ಮತ್ತು ರಕ್ತದೊತ್ತಡದ ಲಯವನ್ನು ಅಳೆದು 2001ರಲ್ಲಿ ಪ್ರಕಟಿಸಿದರು. ಎರಡೂ ಸಂದರ್ಭಗಳಲ್ಲಿ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಈ ವೇಗ ರಕ್ತಪರಿಚಲನೆಯ ಸಹಜ ಲಯಕ್ಕೆ ಹೊಂದುವುದರಿಂದ ಹೃದಯದ ಹೊಂದಾಣಿಕೆಯ ಶಕ್ತಿ ಹೆಚ್ಚಿತು. ಉಸಿರನ್ನು ನಿಧಾನ ಮಾಡಿರೆಂದು ಯಾರೂ ಅವರಿಗೆ ಹೇಳಬೇಕಾಗಿರಲಿಲ್ಲ. ಉಕ್ತಿಯ ಅಳತೆಯೇ ಉಸಿರಿಗೆ ಅಳತೆಯಾಯಿತು. ಜಪಮಾಲೆಯ ಪ್ರಾರ್ಥನೆಯನ್ನು ರೂಢಿಯಲ್ಲಿ ಅರ್ಧ ಪಾದ್ರಿ, ಉಳಿದರ್ಧ ಸಭೆ ಹೇಳುತ್ತದೆ. ಒಬ್ಬರು ಹೇಳುವಾಗ ಇನ್ನೊಬ್ಬರಿಗೆ ಉಸಿರೆಳೆಯಲು ಎಡೆ ದೊರೆಯುತ್ತದೆ.

ಈ ಚಿತ್ರ ಕನ್ನಡ ಜಾನಪದದ ಅಭ್ಯಾಸಿಗೆ ಅಪರಿಚಿತವಲ್ಲ. ಬೀಸುಕಲ್ಲಿನ ಎರಡು ಬದಿ ಎದುರುಬದುರು ಕುಳಿತ ಇಬ್ಬರು ಹೆಂಗಸರಲ್ಲಿ ಒಬ್ಬಳು ಸಾಲನ್ನು ಎತ್ತಿಕೊಂಡರೆ ಇನ್ನೊಬ್ಬಳು ಅದನ್ನು ತಿರುಗಿ ಹೇಳುತ್ತಾಳೆ. ಹಾಡು ಹೆಚ್ಚಾಗಿ ತ್ರಿಪದಿ. ಕ್ರಿ.ಶ. 700ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಕಾಣುವ ಈ ಛಂದಸ್ಸಿನಲ್ಲಿ ಮೊದಲ ಎರಡು ಸಾಲುಗಳಿಗೆ ನಾಲ್ಕು ನಾಲ್ಕು ಗಣ, ಮೂರನೆಯ ಸಾಲಿಗೆ ಮೂರು ಗಣ, ಒಟ್ಟು ಹನ್ನೊಂದು ಗಣಗಳಿವೆ. ಹಾಡುವಾಗ ಎರಡನೆಯ ಸಾಲಿನ ಭಾಗ ಪುನರಾವರ್ತನೆಗೊಂಡು ಮೂರನೆಯ ಸಾಲಿಗೆ ಕೊಂಡಿಯಾಗುತ್ತದೆ. ಛಂದಸ್ಸಿನ ದೃಷ್ಟಿಯಿಂದ ಈ ಪುನರಾವರ್ತನೆಯನ್ನು ನಾವು ಸಾಕಷ್ಟು ಚರ್ಚಿಸಿದ್ದೇವೆ. ದೇಹದ ದೃಷ್ಟಿಯಿಂದ ನೋಡಿದರೆ ಅದು ಉಸಿರಿನ ಏರ್ಪಾಡೂ ಹೌದು: ಸಾಲಿನುದ್ದಕ್ಕೂ ನೀಳವಾಗಿ ಹೊರಬಿಡುವ ಉಸಿರು, ಸಂಗಾತಿಯ ಸರದಿಯಲ್ಲಿ ಒಳಗೆ ಎಳೆದುಕೊಳ್ಳುವ ಉಸಿರು, ಕಲ್ಲಿನ ಬಾಯಿಗೆ ಹಿಡಿ ಕಾಳು ಹಾಕುವಾಗ ಒಂದು ತಡೆ.

ಕೆಲಸಕ್ಕೂ ಲಯಕ್ಕೂ ಇರುವ ಈ ನಂಟನ್ನು ಜರ್ಮನಿಯ ಅರ್ಥಶಾಸ್ತ್ರಜ್ಞ ಕಾರ್ಲ್ ಬ್ಯೂಷರ್ 1896ರಷ್ಟು ಹಿಂದೆಯೇ ತನ್ನ 'ದುಡಿಮೆ ಮತ್ತು ಲಯ' ಎಂಬ ಗ್ರಂಥದಲ್ಲಿ ವಿವರಿಸಿದ್ದ. ಚಲನೆ ಲಯಬದ್ಧವಾದಾಗ ಪ್ರತಿ ಬಾರಿಯೂ ಮನಸ್ಸು ಹೊಸದಾಗಿ ನಿರ್ಧರಿಸಬೇಕಾದ ಶ್ರಮ ತಪ್ಪುತ್ತದೆ ಎಂಬುದು ಅವನ ವಾದದ ತಿರುಳು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ 12 ಮಂದಿ ದೋಣಿ ಹುಟ್ಟುಗಾರರನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಇನ್ನೊಂದು ಆಯಾಮ ಸೇರಿಸುತ್ತದೆ. ಒಬ್ಬೊಬ್ಬರೇ ಹುಟ್ಟು ಹಾಕಿದಾಗಿಗಿಂತ ಎಲ್ಲರೂ ಒಂದೇ ಲಯದಲ್ಲಿ ಹುಟ್ಟು ಹಾಕಿದಾಗ, ಶ್ರಮ ಅಷ್ಟೇ ಇದ್ದರೂ, ಅವರ ನೋವು ತಾಳುವ ಶಕ್ತಿ ಹೆಚ್ಚಾಗಿತ್ತು. ಸಾಲಾಗಿ ನಿಂತು ಪದ ಹೇಳುತ್ತ ನಾಟಿ ಮಾಡುವವರ ಬೆನ್ನುನೋವಿನ ವಿಷಯದಲ್ಲೂ ಇದು ವಿಚಾರಾರ್ಹ.

ನೆನಪು ಮತ್ತು ಚಲನೆಯ ಸಂಬಂಧ ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ಪರಿಚಿತ. ಧ್ವನಿಮುದ್ರಣ ಯಂತ್ರದ ಮುಂದೆ ಕೈಕಟ್ಟಿ ಕುಳ್ಳಿರಿಸಿ ಬೀಸುವ ಪದ ಹಾಡಿಸಿದರೆ ವಕ್ತೃಗಳು ತಡವರಿಸುತ್ತಾರೆ. ಕೈಗೆ ಕಲ್ಲಿನ ಗೂಟ ಸಿಕ್ಕಿದೊಡನೆ ಸಾಲುಗಳು ಒಂದರ ಹಿಂದೆ ಒಂದು ಬರುತ್ತವೆ. ಮನಸ್ಸು ಮತ್ತು ದೇಹಗಳನ್ನು ಬೇರೆ ಬೇರೆ ಎಂದು ಎಣಿಸಿ ಸಂಗ್ರಹ ನಡೆಸಿದ ನಮ್ಮ ಪದ್ಧತಿಗೆ ಇದೊಂದು ಎಚ್ಚರಿಕೆ.

5. ಗರಡಿ ಮತ್ತು ಅರಮನೆ

ಯೋಗ ಶಾಸ್ತ್ರದ್ದು, ದುಡಿಮೆಯ ಹಾಡು ಜನಪದರದು. ಇವೆರಡನ್ನು ಒಂದೆಡೆ ಇಡುವುದು ಸರಿಯೇ ಎಂಬ ಆಕ್ಷೇಪ ಬರಬಹುದು. ಇಂದು ಜಗತ್ತಿನ ಕಚೇರಿಗಳಲ್ಲಿ ಬಳಕೆಯಲ್ಲಿರುವ ಆಸನಪ್ರಧಾನ ಯೋಗದ ಇತಿಹಾಸವೇ ಇದಕ್ಕೆ ಉತ್ತರ ನೀಡುತ್ತದೆ. ಆ ಇತಿಹಾಸದ ಒಂದು ಮುಖ್ಯ ಘಟ್ಟ ಮೈಸೂರಿನಲ್ಲಿ ನಡೆಯಿತು.

ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ 'ಶ್ರೀತತ್ತ್ವನಿಧಿ'ಯಲ್ಲಿ 122 ಆಸನಗಳ ಚಿತ್ರಗಳಿವೆ. ಅವುಗಳಲ್ಲಿ ಹಗ್ಗ ಹಿಡಿದು ಮಾಡುವವೂ ಗರಡಿಯ ದಂಡೆಯನ್ನು ಹೋಲುವವೂ ಸೇರಿವೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭಿಸಿದರು. ಮರುವರ್ಷ ಅವರ 'ಯೋಗಮಕರಂದ' ಕನ್ನಡದಲ್ಲಿ ಪ್ರಕಟವಾಯಿತು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರ್, ಹಾಸನ ಜಿಲ್ಲೆಯ ಕೌಶಿಕದಲ್ಲಿ ಜನಿಸಿದ ಕೆ. ಪಟ್ಟಾಭಿ ಜೋಯಿಸ್ ಇಬ್ಬರೂ ಕೃಷ್ಣಮಾಚಾರ್ಯರ ಶಿಷ್ಯರು. ಮೈಸೂರಿನ ಈ ಆಸನಕ್ರಮದಲ್ಲಿ ಗರಡಿಯ ಸಾಧನೆಯ ಅಂಶಗಳು ಬೆರೆತಿವೆ ಎಂದು ಎನ್.ಇ. ಷೋಮನ್ 1996ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಆ ಕಾಲದ ಅಂತರರಾಷ್ಟ್ರೀಯ ದೇಹದಾರ್ಢ್ಯ ಚಳವಳಿಯ ಪ್ರಭಾವವನ್ನು ಮಾರ್ಕ್ ಸಿಂಗಲ್ಟನ್ 2010ರಲ್ಲಿ ಎತ್ತಿ ತೋರಿಸಿದರು. ಇವರ ಎಲ್ಲ ತೀರ್ಮಾನಗಳನ್ನು ಒಪ್ಪದವರೂ ಇದ್ದಾರೆ. ಆದರೆ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದ 'ಶಾಂತಲಾ' ಕಾದಂಬರಿಯ ಕರ್ತೃ ಕೆ.ವಿ. ಅಯ್ಯರ್ ಅವರು ಸೂರ್ಯನಮಸ್ಕಾರವನ್ನು ಅಂಗಸಾಧನೆಯ ಭಾಗವಾಗಿ ಪ್ರಚಾರ ಮಾಡಿದುದನ್ನು ನೆನೆದರೆ, ಆ ದಶಕಗಳಲ್ಲಿ ಗರಡಿ, ವ್ಯಾಯಾಮಶಾಲೆ ಮತ್ತು ಯೋಗಶಾಲೆಗಳ ನಡುವಿನ ಗೋಡೆ ತೆಳುವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಮೇಲೆ ಹೇಳಿದ ಅಮೆರಿಕದ ವಿಮಾ ನೌಕರರಿಗೆ ಕಲಿಸಿದ 'ವಿನಿಯೋಗ' ಪದ್ಧತಿ, ಕೃಷ್ಣಮಾಚಾರ್ಯರ ಪುತ್ರ, 1938ರಲ್ಲಿ ಮೈಸೂರಿನಲ್ಲಿ ಜನಿಸಿದ ಟಿ.ಕೆ.ವಿ. ದೇಶಿಕಾಚಾರ್ ಅವರ ಪರಂಪರೆಗೆ ಸೇರಿದ್ದು. ಹೀಗೆ ಅರಮನೆಯ ಯೋಗಶಾಲೆಯ ಕವಲೊಂದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದಾಟಿ, ಕಚೇರಿಯ ನೌಕರರ ಒತ್ತಡದ ಮದ್ದಾಗಿ ಪರೀಕ್ಷೆಗೆ ಒಳಗಾಯಿತು. ಸಂದರ್ಭ ಬದಲಾದಂತೆ ಅರ್ಥ ಬದಲಾಗುವ ಈ ಪ್ರಕ್ರಿಯೆ ಜಾನಪದ ಅಧ್ಯಯನಕ್ಕೆ ಚಿರಪರಿಚಿತವಾದುದು.

6. ದುಡಿಮೆಯ ಒಳಗಿನ ಲಯ, ಹೊರಗಿನ ಲಯ

ಇಲ್ಲಿಯವರೆಗಿನ ಹೋಲಿಕೆಯಿಂದ ಬೀಸುಕಲ್ಲಿನ ಬದುಕೇ ಚೆನ್ನಾಗಿತ್ತೆಂಬ ತೀರ್ಮಾನಕ್ಕೆ ಬರುವುದು ತಪ್ಪಾಗುತ್ತದೆ. ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುವುದು ಬೆವರಿಳಿಸುವ ಕೆಲಸ. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ 'ಗರತಿಯ ಹಾಡು' ಮೊದಲ್ಗೊಂಡು ನಮ್ಮ ಸಂಕಲನಗಳ ಪುಟಪುಟದಲ್ಲೂ ತವರಿನ ಹಂಬಲ, ಅತ್ತೆಮನೆಯ ಕಷ್ಟ, ಹೇಳಿಕೊಳ್ಳಲಾಗದ ದುಃಖ ತುಂಬಿದೆ. ಹಿಟ್ಟಿನ ಗಿರಣಿ ಊರಿಗೆ ಬಂದಾಗ ಹೆಂಗಸರು ಕಲ್ಲನ್ನು ಮೂಲೆಗೆ ಸರಿಸಿದ್ದು ನ್ಯಾಯವಾಗಿಯೇ ಇತ್ತು. ಹಾಡು ಕಳೆದುಹೋಯಿತೆಂದು ಮರುಗುವ ವಿದ್ವಾಂಸ ಆ ಕಲ್ಲನ್ನು ಬೀಸಿದವನಲ್ಲ ಎಂಬುದನ್ನು ಮರೆಯಬಾರದು.

ಆದರೂ ಒಂದು ವ್ಯತ್ಯಾಸ ಉಳಿಯುತ್ತದೆ. ಕಲ್ಲಿನ ವೇಗ ಬೀಸುವವಳ ಕೈಯಲ್ಲಿತ್ತು. ಉಸಿರು ಸಾಲದಾದಾಗ ಹಾಡನ್ನು ನಿಧಾನಿಸಿ ಕೈಯನ್ನೂ ನಿಧಾನಿಸಬಹುದಾಗಿತ್ತು. ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತ ಹೆಣ್ಣುಮಗಳಿಗೆ ಗಂಟೆಗೆ ಇಷ್ಟು ತುಂಡು ಎಂಬ 'ಟಾರ್ಗೆಟ್' ಹೊರಗಿನಿಂದ ಬರುತ್ತದೆ. ಸಾಲಿನಲ್ಲಿ ಹಿಂದಿನವಳು ಮುಗಿಸಿದ ತುಂಡು ತನ್ನ ಮುಂದೆ ಬಂದು ಬೀಳುತ್ತಲೇ ಇರುತ್ತದೆ. ತಂತ್ರಾಂಶ ಉದ್ಯಮದ ನೌಕರನ ಹೊತ್ತನ್ನು ಬೇರೆ ಭೂಖಂಡದ ಹಗಲು ನಿರ್ಧರಿಸುತ್ತದೆ. ಕೆಲಸದ ಬೇಡಿಕೆ ಹೆಚ್ಚಾಗಿ, ಅದರ ಮೇಲೆ ದುಡಿಯುವವನ ಹತೋಟಿ ಕಡಿಮೆಯಾದಾಗ ಒತ್ತಡ ತೀವ್ರವಾಗುತ್ತದೆ ಎಂದು ರಾಬರ್ಟ್ ಕರಾಸೆಕ್ 1979ರಲ್ಲೇ ಪ್ರತಿಪಾದಿಸಿದ್ದರು. ಕೆಲಸದ ಮೇಲೆ ಹತೋಟಿ ಇಲ್ಲದವರಲ್ಲಿ ಹೃದ್ರೋಗ ಹೆಚ್ಚು ಎಂಬುದನ್ನು ಬ್ರಿಟನ್ನಿನ ಸರ್ಕಾರಿ ನೌಕರರನ್ನು ಕುರಿತ ವೈಟ್‌ಹಾಲ್ ಅಧ್ಯಯನ ತೋರಿಸಿತು.

ಇನ್ನೊಂದು ಅಂಶವೂ ಇಲ್ಲಿ ಪ್ರಸ್ತುತ. ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಮಾಹಿತಿಯನ್ನು ವಿಶ್ಲೇಷಿಸಿ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಧ್ಯಾನ, ಒತ್ತಡ ನಿಭಾಯಿಸುವ ತರಬೇತಿ, ಸ್ವಾಸ್ಥ್ಯದ ಆ್ಯಪ್ ಮೊದಲಾದ ವ್ಯಕ್ತಿಕೇಂದ್ರಿತ ಕಾರ್ಯಕ್ರಮಗಳಲ್ಲಿ ಪಾಲ್ಗೊಂಡ ನೌಕರರು ಪಾಲ್ಗೊಳ್ಳದವರಿಗಿಂತ ಉತ್ತಮ ಸ್ಥಿತಿಯಲ್ಲಿ ಇರಲಿಲ್ಲ. ಇದು ಒಂದೇ ಕಾಲಘಟ್ಟದ ಸಮೀಕ್ಷೆ, ನಿಯಂತ್ರಿತ ಪ್ರಯೋಗವಲ್ಲ. ಹೀಗಾಗಿ ಹಿಂದೆ ಹೇಳಿದ ಪ್ರಯೋಗಗಳನ್ನು ಇದು ಸುಳ್ಳಾಗಿಸುವುದಿಲ್ಲ. ನುರಿತ ಶಿಕ್ಷಕರು, ನಿಗದಿತ ಅವಧಿ, ಸಹವರ್ತಿಗಳ ಗುಂಪು ಇವೆಲ್ಲ ಇದ್ದಾಗ ದೊರೆತ ಫಲ, ಅವು ಸಡಿಲವಾದ ನಿತ್ಯದ ಕಚೇರಿಯಲ್ಲಿ ತಾನಾಗಿ ದೊರೆಯುವುದಿಲ್ಲ ಎಂಬ ಎಚ್ಚರವನ್ನು ಇದರಿಂದ ಪಡೆಯಬಹುದು.

ಹೆಂಗಸರ ಮಟ್ಟಿಗೆ ಕಾಲದ ಪ್ರಶ್ನೆ ಇನ್ನೂ ಕಠಿಣ. 2024ರ ರಾಷ್ಟ್ರೀಯ ಕಾಲಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ 289 ನಿಮಿಷ ವ್ಯಯಿಸುತ್ತಾರೆ. ಗಂಡಸರು 88 ನಿಮಿಷ. ಕಾರ್ಖಾನೆಯ ಪಾಳಿ ಮುಗಿಸಿ ಬಂದವಳಿಗೆ ಬೆಳಗಿನ ಒಂದು ಗಂಟೆ ಯೋಗ ಮಾಡೆಂದು ಹೇಳುವವರು ಆ ಗಂಟೆ ಎಲ್ಲಿಂದ ಬರಬೇಕೆಂಬುದನ್ನೂ ಹೇಳಬೇಕಾಗುತ್ತದೆ. ಬೀಸುವ ಪದಕ್ಕೆ ಪ್ರತ್ಯೇಕ ವೇಳೆ ಬೇಕಿರಲಿಲ್ಲ. ಅದು ಕೆಲಸದೊಳಗೇ ಇತ್ತು. ಯೋಗಾಭ್ಯಾಸಕ್ಕೆ ವೇಳೆಯನ್ನು ಬೇರೆಯಾಗಿ ತೆಗೆದಿಡಬೇಕು. ಆ ವೇಳೆ ಯಾರ ಪಾಲಿನದು, ಮಾಲೀಕನದೋ ದುಡಿಯುವವಳದೋ ಎಂಬುದೇ ನಿರ್ಣಾಯಕ ಪ್ರಶ್ನೆ. ಅಭ್ಯಾಸದ ಹೊತ್ತನ್ನು ಪಾಳಿಯೊಳಗೇ ಸೇರಿಸಿದರೆ ಅದು ಬಿಡುವು. ಪಾಳಿಯ ಆಚೆಗೆ ಸೇರಿಸಿದರೆ ಅದು ಇನ್ನೊಂದು ಕೆಲಸ.

7. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಯೋಗಾಭ್ಯಾಸದಿಂದ ದುಡಿಯುವವರ ಒತ್ತಡ ಮಿತವಾಗಿ ತಗ್ಗುತ್ತದೆ. ಗಮನ, ಪ್ರತಿಕ್ರಿಯೆಯ ಹತೋಟಿ ಮೊದಲಾದ ಆಲೋಚನಾ ಸಾಮರ್ಥ್ಯಗಳಿಗೂ ಅದರಿಂದ ನೆರವು ದೊರೆಯುತ್ತದೆ. ಎರಡನೆಯದು, ಈ ಫಲಕ್ಕೆ ಕಾರಣವಾದ ನೀಳ ಉಸಿರು, ಲಯಬದ್ಧ ಚಲನೆ, ಸಹವರ್ತಿತ್ವ ಮತ್ತು ಏಕಾಗ್ರತೆಗಳು ಯೋಗಶಾಲೆಯ ಸೊತ್ತು ಮಾತ್ರವಲ್ಲ. ಜನಪದರು ಅವನ್ನು ತಮ್ಮ ದುಡಿಮೆಯೊಳಗೇ ಹೆಣೆದುಕೊಂಡಿದ್ದರು. ಮೂರನೆಯದು, ಆ ಹೆಣಿಗೆ ಸಾಧ್ಯವಾದದ್ದು ಕೆಲಸದ ವೇಗ ಅಷ್ಟಾದರೂ ದುಡಿಯುವವರ ಕೈಯಲ್ಲಿ ಇದ್ದುದರಿಂದ. ವೇಗವನ್ನು ಕಿತ್ತುಕೊಂಡು ಯೋಗವನ್ನು ಕೊಟ್ಟರೆ ಕೊಟ್ಟದ್ದು ಅರ್ಧವೇ ಆಗುತ್ತದೆ.

ಜಾನಪದ ಸಂಶೋಧಕರಿಗೂ ಇಲ್ಲಿ ಮಾಡಬೇಕಾದ ಕೆಲಸವಿದೆ. ದುಡಿಮೆಯ ಹಾಡುಗಳ ಪಠ್ಯವನ್ನು ನಾವು ಅಪಾರ ಪ್ರಮಾಣದಲ್ಲಿ ಸಂಗ್ರಹಿಸಿದ್ದೇವೆ. ಹಾಡಿದವರ ಉಸಿರಿನ ಅಳತೆ, ಕೈಯ ಸುತ್ತುಗಳ ಎಣಿಕೆ, ನಿಲುಗಡೆಯ ಜಾಗ, ಜೊತೆಯವರ ಸರದಿ ಇವನ್ನು ದಾಖಲಿಸಿದ್ದು ತೀರ ಕಡಿಮೆ. ಬೀಸುಕಲ್ಲನ್ನು ಕೈಯಾರೆ ತಿರುಗಿಸಿ ಹಾಡಿದ ಹಿರಿಯ ತಲೆಮಾರಿನ ಹೆಂಗಸರು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಇಂದಿನ ಅಳತೆಯ ಸಾಧನಗಳು ಚಿಕ್ಕವು, ಹಗುರವಾದವು, ಅಂಗಳಕ್ಕೇ ಒಯ್ಯಬಹುದಾದಂಥವು. ವೈದ್ಯವಿಜ್ಞಾನಿಗಳ ಜೊತೆಗೂಡಿ ಜಾನಪದ ಸಂಶೋಧಕರು ಈ ಕಾರ್ಯವನ್ನು ತಡಮಾಡದೆ ಕೈಗೊಳ್ಳುವುದು ಅಗತ್ಯ. ಅದರಿಂದ ನಮ್ಮ ಸಂಕಲನಗಳ ಪಠ್ಯಕ್ಕೆ ದೇಹದ ಸಾಕ್ಷ್ಯ ಒದಗುತ್ತದೆ. ಉಸಿರಾಡಲೂ ಪುರುಸೊತ್ತಿಲ್ಲದ ಇಂದಿನ ದುಡಿಯುವವರ ಪರವಾಗಿ ಮಾತನಾಡುವವರಿಗೆ ಗಟ್ಟಿಯಾದ ಆಧಾರವೂ ದೊರೆಯುತ್ತದೆ.